ಕಚ್ಚು

ಕೌಲ್ ಬಜಾರಿನ ಓಣಿಯಲ್ಲಿ, ಜೀನ್ಸ್ ಹೊಲಿಯುವ ಶೆಡ್ಡುಗಳ ನಡುವೆ
ದಾರವಿದ್ದೂ ಸೂಜಿಯಿಲ್ಲದ ಅಂಗಡಿ ನನ್ನದೊಂದೇ.
ಬೋರ್ಡಿನ ಬಣ್ಣ ಅರ್ಧ ಹೋಗಿದೆ: ಗಾದಿಲಿಂಗ ರಾಕೆಟ್ ವರ್ಕ್ಸ್.
ಮೊನ್ನೆ ಒಬ್ಬ ಮುದುಕ ಬಂದು
ದೀಪಾವಳಿಗೆ ಬೇರೆ ಪಟಾಕಿ ಏನೇನೈತಿ ಎಂದು ಕೇಳಿಹೋದ.

ತಬಸ್ಸುಮ್ ಬರುವುದು ಸಂಜೆ ಆರರ ಮೇಲೆ,
ಸೈಕಲ್ಲಿನ ಹ್ಯಾಂಡಲಿಗೆ ರಾಕೆಟ್ ಸಿಕ್ಕಿಸಿಕೊಂಡು.
ಅವಳಪ್ಪ ಖಾಜಾಹುಸೇನ ಜೀನ್ಸ್ ತೊಳೆಯುವ ಘಟಕದಲ್ಲಿ;
ಉಗುರಿನ ಸಂದಿಗಿಳಿದ ನೀಲಿ
ಹಬ್ಬಕ್ಕೂ ಹೋಗುವುದಿಲ್ಲ.

"ಸತ್ತೈತಾ ಬದುಕೈತಾ ನೋಡ್ರಿ ಅಂಕಲ್."

ನೋಡುವುದೆಂದರೆ ಇಷ್ಟೇ:
ಹೆಬ್ಬೆರಳಿನಿಂದ ಒಂದು ಎಳೆ ಪಕ್ಕಕ್ಕೆ ಸರಿಸಿ ಬಿಡುವುದು.
ಹೊಸದಾದರೆ ಟಕ್ಕನೆ ಮನೆಗೆ ವಾಪಸು.
ಇದು ಹೋದಲ್ಲೇ ಕೂತಿತು,
ಊಟ ಮುಗಿದು ಎಲೆ ಎತ್ತಿದರೂ
ಪಂಕ್ತಿಯಿಂದ ಏಳದವನ ಹಾಗೆ.

ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದೆ.
ಹಾಸು ಹೊಕ್ಕು ದಾಟುವಲ್ಲೆಲ್ಲ ಕಚ್ಚು.
ಹಲ್ಲಿಲ್ಲದ್ದು ಕಚ್ಚಿದ್ದು:
ದಾರವೇ ದಾರವನ್ನು, ಸಾವಿರ ಸಲ ಸರಿದು,
ಸಂಡೂರಿನ ಲಾರಿಗಳ ಹಿಂದೆ ಬಂದ ಕೆಂಪು ಧೂಳು
ನಡುವೆ ಅರದ ಕೆಲಸ ಮಾಡಿ.
ಯಾರೋ ಹೇಳಿದರೆಂದು ಕೊಬ್ಬರಿ ಎಣ್ಣೆ ಬೇರೆ ಸವರಿದ್ದಾಳೆ,
ಧೂಳಿಗೆ ಅಂಟಿಕೊಳ್ಳಲು ಜಾಗವಾಯಿತು.
ನಡುಮಧ್ಯಕ್ಕಿಂತ ಎರಡು ಬೆರಳು ಮೇಲೆ ಅತಿ ಆಳ.
ಅಲ್ಲೇ ಅವಳು ಚೆಂಡಿನ ಬೆನ್ನು ಸವರಿ ಎತ್ತುವುದು.
ಅವಳ ಆಟವನ್ನು ನಾನು ಒಮ್ಮೆಯೂ ನೋಡಿಲ್ಲ.
ಕೈಬರಹ ಗೊತ್ತು.

ಆರು ಮೂಲೆಯ ಕರೀ ದಾರ ಬೇಕಂತೆ, ಚೆಂಡು ಹಿಡಿಯುತ್ತದಂತೆ.
ಹಿಡಿಯುತ್ತದವ್ವ, ಮಗ್ಗುಲಲ್ಲಿರುವುದನ್ನೂ ಕೊಯ್ಯುತ್ತದೆ.
ಹಾಸಿಗೆ ಮೂಲೆಯದೇ ಇರಲಿ,
ಹೊಕ್ಕಿಗೆ ದುಂಡನೆಯದು, ನುಣ್ಣನೆಯದು,
ಒಂದು ಸರಿದರೆ ಇನ್ನೊಂದು ದಾರಿ ಬಿಡುವಂಥದು.
ಎಳೆತ ನಲವತ್ತೆಂಟು. ಐವತ್ತೈದು ಕೇಳಬೇಡ.
ಕೇಳಿದ್ದರು, ಬ್ಯಾಂಕಿನ ಕ್ಯಾಷಿಯರಾಗಿದ್ದ ಸಣ್ಣಮಾರೆಪ್ಪನವರು,
ಹುಡುಗರ ಹಾಗೆ ನನಗೂ ಪಾಲಿಯೆಸ್ಟರೇ ಬೇಕೆಂದು;
ಈಗ ಚಹಾದ ಕಪ್ಪನ್ನು ಎಡಗೈಯಲ್ಲಿ ಎತ್ತುತ್ತಾರೆ.

ಕತ್ತರಿ ತೆಗೆದೆ. ಅವಳು ರಾಕೆಟ್ ಬಿಡಲಿಲ್ಲ.
"ಹರಿದಿಲ್ಲಲ್ರೀ. ಅಪ್ಪಾಗ ಏನಂತ ಹೇಳ್ಲಿ?"

ಹೌದು. ಆಚೆ ಶೆಡ್ಡಿನಲ್ಲಿ
ಹೊಸ ಪ್ಯಾಂಟಿನ ಮೊಣಕಾಲಿಗೆ ಮರಳುಕಾಗದ ಉಜ್ಜುತ್ತಿದ್ದಾರೆ,
ಬೇಕೆಂದೇ ಹರಿದು, ಎಳೆ ಬಿಡಿಸಿ, ಬೆಲೆ ಏರಿಸುತ್ತಾರೆ.
ಇಂಥ ಊರಲ್ಲಿ, ಹರಿಯದ್ದನ್ನು ಕತ್ತರಿಸಲು
ಒಂದು ಹುಡುಗಿಗೆ ಮನಸ್ಸು ಬರುತ್ತಿಲ್ಲ.
ಈ ಜಾತಿಯ ದಾರ ಹರಿಯುವುದಕ್ಕೆ ಮೊದಲೇ ಸಾಯುತ್ತದೆಂದು
ಹೇಗೆ ಹೇಳಲಿ? ನನ್ನ ಹೆಂಡತಿ ಹುಲಿಗೆಮ್ಮನ
ತೋರುಬೆರಳ ಗೆಣ್ಣಿನಲ್ಲೂ ಇಂಥದೇ ಒಂದು ಗೆರೆಯಿದೆ,
ಹತ್ತೊಂಬತ್ತು ವರ್ಷ ಅದೇ ಶೆಡ್ಡಿನಲ್ಲಿ ದಾರ ಕಡಿದದ್ದು.
ಅದಕ್ಕೆ ಹಾಕಲು
ನನ್ನ ರೀಲುಗಳಲ್ಲಿ ಏನೂ ಇಲ್ಲ.

ಕೊನೆಗೆ ಅವಳೇ ಬಿಟ್ಟಳು.
ನಡುವಿನಿಂದ ಶುರು, ಒಂದು ಹಾಸು, ಒಂದು ಹೊಕ್ಕು,
ಒಂದೇ ಕಡೆ ಕತ್ತರಿಸಿದರೆ ಚೌಕಟ್ಟು ತಿರುಚಿಕೊಳ್ಳುತ್ತದೆ.
ಪಟ್. ಪಟ್. ಆಮೇಲೆ ಸದ್ದು ಸಣ್ಣಗಾಗುತ್ತ ಹೋಗುತ್ತದೆ.
ಗೇಣುದ್ದದ ಒಂದು ತುಂಡು ಆರಿಸಿಕೊಂಡು
ಕಂಪಾಸು ಪೆಟ್ಟಿಗೆಯಲ್ಲಿ ಸುತ್ತಿಟ್ಟಳು.
ದುಡ್ಡು ಅರ್ಧ ಕೊಟ್ಟಳು.

ಮರುದಿನ ಖಾಜಾಹುಸೇನ ಬಂದ.
ಜೇಬಿನಿಂದ ಆ ತುಂಡು ತೆಗೆದು
ಕಚ್ಚಿನಿಂದ ಕಚ್ಚಿಗೆ ಉಗುರು ಎಳೆದ,
ಟಿಕ್, ಟಿಕ್, ಟಿಕ್,
ಬಾಚಣಿಗೆಯ ಹಲ್ಲಿನ ಮೇಲೆ ಎಳೆದ ಹಾಗೆ.
ಸವೆದದ್ದನ್ನು ನೋಡಿಯೇ ಕೂಲಿ ಎಣಿಸುವ ಮನುಷ್ಯ.
"ಇಷ್ಟು ಹೊಡದಾಳಾ?" ಅಂದ.
ನಾನು ಹೂಂ ಅಂದೆ.

ತುಂಡನ್ನು ಮತ್ತೆ ಜೇಬಿಗಿಟ್ಟು
ಬಾಕಿ ಎಣಿಸಿದ. ಎರಡು ನೋಟು,
ಅಂಚಿಗೆ ನೀಲಿ.